ಪೌರಾಡಳಿತದ ಅಭ್ಯಾಸಿಗಳು

ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರರೆಂಬವರಿದ್ದರು. ಮುಂದೆ ಕೆಲಸ ದೊರೆತೀತೆಂಬ ಆಸೆಯಿಂದ ಸಂಬಳವಿಲ್ಲದೆಯೇ ಕಾಗದಪತ್ರಗಳ ನಕಲು ಮಾಡುತ್ತ ಅವರು ಆಡಳಿತದ ಪಾಠ ಕಲಿಯುತ್ತಿದ್ದರು. ಆ ಪದ ಈಗ ಚುನಾವಣೆಗೆ ನಿಂತವರಿಗೆ ಸಲ್ಲುತ್ತಿದೆ. ಆದರೆ ಕಲಿಯುತ್ತ ದುಡಿಯುವ ಪದ್ಧತಿ ಬೇರೊಂದು ರೂಪದಲ್ಲಿ ಮರಳಿ ಬಂದಿದೆ.

2020ರ ಜೂನ್ 4ರಂದು ಕೇಂದ್ರ ಸರ್ಕಾರವು ‘ಟುಲಿಪ್’ ಎಂಬ ಯೋಜನೆಯನ್ನು ಆರಂಭಿಸಿತು. ಹೊಸದಾಗಿ ಪದವಿ ಪಡೆದ ತರುಣ ತರುಣಿಯರು ನಗರಸಭೆ, ಪುರಸಭೆಗಳಲ್ಲಿ ಹೆಚ್ಚೆಂದರೆ ಒಂದು ವರ್ಷ ಅಭ್ಯಾಸಿಗಳಾಗಿರಲು ಅದು ಅವಕಾಶ ಕಲ್ಪಿಸಿತು.

ಸಂವಿಧಾನದ 74ನೆಯ ತಿದ್ದುಪಡಿಯು 1992ರಲ್ಲಿ ನಗರಸಂಸ್ಥೆಗಳಿಗೆಂದು 18 ವಿಷಯಗಳನ್ನು ಪಟ್ಟಿಮಾಡಿತು. ನೀರು, ರಸ್ತೆ, ಕಸ, ಬೀದಿದೀಪ, ಕೊನೆಗೆ ಸ್ಮಶಾನವೂ ಅದರಲ್ಲಿದೆ. ಹೊರೆ ಇಷ್ಟು, ಹೊರುವ ಕೈಗಳು ಕೆಲವೇ. ಎಂಜಿನಿಯರಿಂಗ್ ಓದಿದವರು ಕೊಳವೆಯ ವ್ಯಾಸವನ್ನು ಲೆಕ್ಕಹಾಕಬಲ್ಲರು. ಬೀದಿಯ ಕೊನೆಯ ಮನೆಗೆ ನೀರೇಕೆ ಏರುವುದಿಲ್ಲ ಎಂಬುದು ಮಾತ್ರ, ನಸುಕಿನಲ್ಲಿ ವಾಲ್ವ್ ತಿರುಗಿಸುವ ನೀರುಗಂಟಿಯ ಹಿಂದೆ ನಾಲ್ಕು ದಿನ ನಡೆದಾಗಲೇ ತಿಳಿಯುತ್ತದೆ.

ಇಲ್ಲೊಂದು ಅಪಾಯವೂ ಉಂಟು. ಖಾಲಿಬಿದ್ದ ಗುಮಾಸ್ತರ ಕುರ್ಚಿಯಲ್ಲಿ ಅಭ್ಯಾಸಿಯನ್ನು ಕೂರಿಸಿ ದಿನ ದೂಡಿದರೆ ಅದು ಹಳೆಯ ಉಮೇದುವಾರಿಕೆಯೇ ಸರಿ. ಊರಿಗೆ ಬೇಕಾದ ಕಾಯಂ ನೌಕರನ ನೇಮಕವೂ ಮುಂದಕ್ಕೆ ಹೋಗುತ್ತದೆ. ಅವಧಿ ಮುಗಿದಾಗ ಅಭ್ಯಾಸಿಯ ಕೈಗೆ ಬರುವುದು ಒಂದು ಪ್ರಮಾಣಪತ್ರ, ಹುದ್ದೆಯ ಭರವಸೆಯಲ್ಲ.