ಮನೆಯ ಎಸ್ಪ್ರೆಸೊ ಯಂತ್ರ: ಲೋಟವೊಂದಕ್ಕೆ ಬೀಳುವ ವೆಚ್ಚವೆಷ್ಟು?

ಕಳೆದ ಹಣಕಾಸು ವರ್ಷದ ಕೊನೆಯ ವಾರದಲ್ಲಿ ಉಚ್ಚಿಲದ ಸಣ್ಣ ಉದ್ದಿಮೆದಾರರೊಬ್ಬರು ನಮ್ಮ ಕಚೇರಿಗೆ ಒಂದು ಕೊಟೇಶನ್ ತಂದಿದ್ದರು. ಮೊತ್ತ ರೂ. 2,50,000. ಅದು ಲೇತ್ ಯಂತ್ರದ್ದಲ್ಲ, ಜನರೇಟರಿನದೂ ಅಲ್ಲ. ಮನೆಯ ಅಡುಗೆಕೋಣೆಯಲ್ಲಿ ಇಡುವ ಎಸ್ಪ್ರೆಸೊ ಕಾಫಿ ಯಂತ್ರದ್ದು. ಪ್ರಿಇನ್‌ಫ್ಯೂಷನ್ ಎಂಬ ವಿಶೇಷ ನಿಯಂತ್ರಣ ಇರುವುದರಿಂದಲೇ ಈ ಬೆಲೆ ಎಂದು ಮಾರಾಟಗಾರರು ತಿಳಿಸಿದ್ದರಂತೆ. ಸಂಸ್ಥೆಯ ಹೆಸರಿನಲ್ಲಿ ಬಿಲ್ ಮಾಡಿಸಿದರೆ ಸವಕಳಿ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ವಿಶೇಷಕ್ಕೆ ತೆರುವ ಹೆಚ್ಚುವರಿ ಹಣಕ್ಕೆ ತಕ್ಕ ಪ್ರತಿಫಲವಿದೆಯೇ?

ಯಂತ್ರ ಮಾಡುವ ಕೆಲಸ

ಎಸ್ಪ್ರೆಸೊ ಎಂದರೆ ನುಣ್ಣಗೆ ಬೀಸಿ ಒತ್ತಿಟ್ಟ ಕಾಫಿ ಪುಡಿಯ ಮೂಲಕ ಸುಮಾರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಹಾಯಿಸಿ, 25ರಿಂದ 30 ಸೆಕೆಂಡುಗಳಲ್ಲಿ ಸಾರ ಇಳಿಸುವ ವಿಧಾನ. ಕಡಲಿನಲ್ಲಿ 90 ಮೀಟರ್ ಆಳಕ್ಕೆ ಇಳಿದರೆ ಮೇಲಿನ ನೀರು ಒತ್ತುವುದೂ ಹೆಚ್ಚುಕಡಿಮೆ ಇಷ್ಟೇ. ಇಷ್ಟು ಒತ್ತಡದ ನೀರು ಒಣ ಪುಡಿಯ ಮೇಲೆ ಒಮ್ಮೆಲೇ ಬಿದ್ದರೆ ಪುಡಿಯಲ್ಲಿ ಸೀಳು ಉಂಟಾಗಿ, ನೀರು ಆ ಸೀಳಿನಲ್ಲೇ ಹರಿದುಹೋಗುತ್ತದೆ. ಒಂದು ಕಡೆ ಕಹಿ, ಇನ್ನೊಂದು ಕಡೆ ಸಾರವೇ ಇಳಿಯದ ಹುಳಿ. ಎರಡೂ ಒಂದೇ ಲೋಟಕ್ಕೆ ಸೇರುತ್ತವೆ.

ಇದನ್ನು ತಪ್ಪಿಸಲು ಮೊದಲು ಕೆಲವು ಸೆಕೆಂಡುಗಳ ಕಾಲ ಕಡಿಮೆ ಒತ್ತಡದಲ್ಲಿ ಪುಡಿಯನ್ನು ನೆನೆಸಿ, ಅದು ಸಮವಾಗಿ ಉಬ್ಬಿದ ಮೇಲೆ ಪೂರ್ಣ ಒತ್ತಡ ಕೊಡುವುದೇ ಪ್ರಿಇನ್‌ಫ್ಯೂಷನ್. ಇದು ಹೊಸ ಸಂಶೋಧನೆಯಲ್ಲ. ಇಟಲಿಯ ಫೇಮಾ ಸಂಸ್ಥೆ 1961ರಲ್ಲಿ ಹೊರತಂದ ಇ61 ಯಂತ್ರದಲ್ಲೇ ಈ ವ್ಯವಸ್ಥೆ ಇತ್ತು. ಇಂದು ಕಡಿಮೆ ಬೆಲೆಯ ಹಲವು ಯಂತ್ರಗಳಲ್ಲೂ ತಯಾರಕರೇ ನಿಗದಿಪಡಿಸಿದ ಪ್ರಿಇನ್‌ಫ್ಯೂಷನ್ ಇರುತ್ತದೆ. ದುಬಾರಿ ಯಂತ್ರದಲ್ಲಿ ಸಿಗುವುದು ಅದರ ಅವಧಿಯನ್ನೂ ಒತ್ತಡವನ್ನೂ ನಾವೇ ಬದಲಿಸುವ ಅಧಿಕಾರ. ಕೈಯಿಂದ ಸನ್ನೆ ಒತ್ತುವ ಸರಳ ಯಂತ್ರಗಳಲ್ಲಿ ಇದೇ ಅಧಿಕಾರ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ ಎಂಬುದನ್ನು ಕೊಟೇಶನ್ ತಿಳಿಸುವುದಿಲ್ಲ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಲೆಕ್ಕಕ್ಕಾಗಿ ಸಾಧಾರಣ ಯಂತ್ರವೊಂದರ ಬೆಲೆ ರೂ. 50,000 ಎಂದು ಇಟ್ಟುಕೊಳ್ಳೋಣ. ಆಗ ವಿಶೇಷ ನಿಯಂತ್ರಣಕ್ಕಾಗಿ ತೆರುವ ಹೆಚ್ಚುವರಿ ಹಣ ರೂ. 2,00,000. ಹತ್ತು ವರ್ಷಗಳ ಬಳಕೆಯ ನಂತರ ಈ ಹೆಚ್ಚುವರಿಯಲ್ಲಿ ರೂ. 40,000 ಮರುಮಾರಾಟದಿಂದ ಹಿಂದಿರುಗುತ್ತದೆ ಎಂದುಕೊಂಡರೆ ವರ್ಷದ ಸವಕಳಿ ರೂ. 16,000. ಸರಾಸರಿ ತೊಡಗಿದ ಬಂಡವಾಳ ರೂ. 1,20,000ದ ಮೇಲೆ ಶೇಕಡಾ 7ರಂತೆ ಬಡ್ಡಿ ರೂ. 8,400. ಹೆಚ್ಚುವರಿ ದುರಸ್ತಿ ಮತ್ತು ಬಿಡಿಭಾಗಗಳಿಗೆ ರೂ. 5,600. ಒಟ್ಟು ವರ್ಷಕ್ಕೆ ರೂ. 30,000.

ದಿನಕ್ಕೆ ನಾಲ್ಕು ಲೋಟದಂತೆ ವರ್ಷದಲ್ಲಿ 300 ದಿನ ಕುಡಿದರೆ 1,200 ಲೋಟ. ಅಂದರೆ ಲೋಟವೊಂದಕ್ಕೆ ರೂ. 25 ಹೆಚ್ಚುವರಿ. ಎರಡೇ ಲೋಟ ಕುಡಿಯುವ ಮನೆಯಲ್ಲಿ ಅದು ರೂ. 50 ಆಗುತ್ತದೆ. ಲೋಟಕ್ಕೆ 18 ಗ್ರಾಂ ಪುಡಿ, ಬೀಜದ ಬೆಲೆ ಕಿಲೋಗ್ರಾಮಿಗೆ ರೂ. 1,000 ಎಂದು ಹಿಡಿದರೆ ಪುಡಿಯ ಖರ್ಚು ರೂ. 18 ಮಾತ್ರ. ಕಾಫಿಗಿಂತ ಅದರ ನಿಯಂತ್ರಣವೇ ದುಬಾರಿಯಾಯಿತು.

ದೊಡ್ಡ ಕೆಫೆಯಲ್ಲಿ ಒಂದು ಲೋಟಕ್ಕೆ ಕೊಡುವ ಬೆಲೆಯೊಂದಿಗೆ ಹೋಲಿಸಿ ಯಂತ್ರದಿಂದ ಉಳಿತಾಯವಾಗುತ್ತದೆ ಎಂದು ವಾದಿಸುವವರಿದ್ದಾರೆ. ಈ ಹೋಲಿಕೆ ಸರಿಯಲ್ಲ. ದಿನಕ್ಕೆ ನಾಲ್ಕು ಸಲ ಕೆಫೆಗೆ ಹೋಗುತ್ತಿದ್ದವನಿಗೆ ಮಾತ್ರ ಅದು ಉಳಿತಾಯ. ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಕುಡಿಯುತ್ತಿದ್ದವನಿಗೆ ಅದು ಹೊಸ ಖರ್ಚು.

ಅದೇ ಹಣವನ್ನು ಬೀಜಕ್ಕೆ ಹಾಕಿದರೆ?

1,200 ಲೋಟಕ್ಕೆ ಬೇಕಾಗುವ ಪುಡಿ 21.6 ಕಿಲೋಗ್ರಾಂ. ಯಂತ್ರದ ಮೇಲಿನ ವಾರ್ಷಿಕ ಹೆಚ್ಚುವರಿ ರೂ. 30,000ವನ್ನು ಇದರ ಮೇಲೆ ಹಂಚಿದರೆ ಕಿಲೋಗ್ರಾಮಿಗೆ ಸುಮಾರು ರೂ. 1,390 ಬರುತ್ತದೆ. ಅಂದರೆ ಸಾಧಾರಣ ಯಂತ್ರವನ್ನಿಟ್ಟುಕೊಂಡು, ಕಿಲೋಗ್ರಾಮಿಗೆ ರೂ. 1,000ದ ಬದಲು ಸುಮಾರು ರೂ. 2,390ರ ಬೀಜವನ್ನು ವರ್ಷವಿಡೀ ತರಿಸಬಹುದು. ಕಾರ್ಕಳದಿಂದ ಘಟ್ಟ ಹತ್ತಿದರೆ ಕಳಸ, ಬಾಳೆಹೊನ್ನೂರಿನ ತೋಟಗಳು. ದೇಶದ ಕಾಫಿಯ ಸುಮಾರು ಶೇಕಡಾ 70 ಬೆಳೆಯುವುದು ನಮ್ಮ ರಾಜ್ಯದಲ್ಲೇ. ಹೊಸದಾಗಿ ಹುರಿದ ಒಳ್ಳೆಯ ಬೀಜ, ಸಮವಾಗಿ ಬೀಸುವ ಗ್ರೈಂಡರ್: ರುಚಿಯ ಮೇಲೆ ಇವೆರಡರ ಪರಿಣಾಮ ಮೊದಲನೆಯದು. ಪ್ರಿಇನ್‌ಫ್ಯೂಷನ್ ನಿಯಂತ್ರಣದ ಸರದಿ ಅವುಗಳ ನಂತರ.

ಪ್ರಯೋಜನ ಇಲ್ಲವೇ ಇಲ್ಲ ಎಂದಲ್ಲ. ಎಳೆಯದಾಗಿ ಹುರಿದ ಬೀಜ ಗಟ್ಟಿಯಾಗಿದ್ದು, ಸಾರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂಥ ಕಾಫಿಯನ್ನು ಹಾಲು ಸಕ್ಕರೆ ಇಲ್ಲದೆ ಕುಡಿಯುವವರಿಗೆ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತದೆ. ಆದರೆ ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಬಳಕೆಯಲ್ಲಿರುವುದು ಕಡುವಾಗಿ ಹುರಿದ ಪುಡಿ, ಅದರ ಮೇಲೆ ಹಾಲು. ಆ ಸೂಕ್ಷ್ಮವನ್ನು ಹಾಲು ಮುಚ್ಚಿಬಿಡುತ್ತದೆ. ಚಿಕೋರಿ ಬೆರೆತ ಪುಡಿಯಂತೂ ಈ ಯಂತ್ರಗಳಿಗೆ ಹೇಳಿಸಿದ್ದಲ್ಲ.

ಕರಾವಳಿಯಲ್ಲಿ ಗಮನಿಸಬೇಕಾದದ್ದು

ಕಡಲಿಗೆ ಸಮೀಪದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುವುದು ಉಚ್ಚಿಲ, ಕಾಪು ಭಾಗದವರಿಗೆ ತಿಳಿದ ವಿಷಯ. ಕ್ಲೋರೈಡ್ ಹೆಚ್ಚಿರುವ ನೀರು ಸ್ಟೇನ್‌ಲೆಸ್ ಸ್ಟೀಲ್ ಬಾಯ್ಲರನ್ನೂ ಕೊರೆಯುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಮಾಡಿಸದೆ ಇಂಥ ಯಂತ್ರ ಕೊಳ್ಳುವುದು ಜಾಣತನವಲ್ಲ. ಬಾಯ್ಲರ್ ಬಿಸಿಯಾಗಲು 1,500 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ನಡೆಸದು. ದುರಸ್ತಿಗೆ ತಂತ್ರಜ್ಞರು ಎಲ್ಲಿಂದ ಬರಬೇಕು, ಅವರ ಪ್ರಯಾಣವೆಚ್ಚ ಯಾರದು ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು.

ಯಾರ ಖಾತೆಗೆ ಬರೆಯಬೇಕು?

ಈಗ ನಮ್ಮ ಉದ್ದಿಮೆದಾರರ ಪ್ರಶ್ನೆ. ವ್ಯವಹಾರಕ್ಕೆ ಬಳಸುವ ಯಂತ್ರೋಪಕರಣಗಳ ಮೇಲೆ ಸಾಮಾನ್ಯವಾಗಿ ಶೇಕಡಾ 15ರ ಸವಕಳಿ ಇದೆ, ನಿಜ. ಆದರೆ ಮನೆಯಲ್ಲಿಟ್ಟು ಮನೆಯವರೇ ಬಳಸುವ ಯಂತ್ರ ವ್ಯವಹಾರದ ಆಸ್ತಿಯಲ್ಲ. ಬಿಲ್ಲಿನ ಮೇಲೆ ಸಂಸ್ಥೆಯ ಹೆಸರಿದ್ದ ಮಾತ್ರಕ್ಕೆ ಆಗುವುದೂ ಇಲ್ಲ. ರೂ. 2,50,000ದಲ್ಲಿ ಶೇಕಡಾ 18ರ ಜಿಎಸ್‌ಟಿ ಸುಮಾರು ರೂ. 38,136 ಅಡಗಿದೆ. ವೈಯಕ್ತಿಕ ಬಳಕೆಯ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ತಪ್ಪಾಗಿ ಪಡೆದು ಬಳಸಿಕೊಂಡರೆ ಬಡ್ಡಿ ಸಮೇತ ಹಿಂದಿರುಗಿಸಬೇಕು, ದಂಡದ ಭಯ ಬೇರೆ. ಪಾಲುದಾರಿಕೆ ಸಂಸ್ಥೆಯಾದರೆ ಉಳಿದ ಪಾಲುದಾರರ ಅಸಮಾಧಾನವೂ ಸೇರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನ ಕಡಲಿಗಿಳಿಯಲು ನಿಷೇಧ. ಮೀನುಗಾರಿಕೆಯನ್ನೇ ನಂಬಿರುವ ಅವರ ಉದ್ದಿಮೆಯಲ್ಲಿ ಆ ಎರಡು ತಿಂಗಳು ವಸೂಲಿ ಕ್ಷೀಣ, ಸಂಬಳ ಮಾತ್ರ ತಪ್ಪದು. ಅವರು ಹಣ ತೆಗೆಯಲಿದ್ದುದು ಶೇಕಡಾ 11 ಬಡ್ಡಿಯ ಓವರ್‌ಡ್ರಾಫ್ಟ್ ಖಾತೆಯಿಂದ. ಆ ದರದಲ್ಲಿ ಲೋಟದ ಹೆಚ್ಚುವರಿ ವೆಚ್ಚ ರೂ. 25ರಿಂದ ರೂ. 29ಕ್ಕೆ ಏರುತ್ತದೆ, ಜುಲೈ ತಿಂಗಳ ಸಂಬಳಕ್ಕೆ ಇರಬೇಕಾದ ಮಿತಿಯೂ ಅಷ್ಟರ ಮಟ್ಟಿಗೆ ಕುಗ್ಗುತ್ತದೆ.

ಕಾಗದದ ಮೇಲೆ ಈ ಅಂಕಿಗಳನ್ನು ಬರೆದುಕೊಟ್ಟಾಗ ಅವರು ಸ್ವಲ್ಪ ಹೊತ್ತು ನೋಡಿ, ಕೊಟೇಶನ್ ಮಡಚಿ ಕಿಸೆಗೆ ಹಾಕಿಕೊಂಡರು. ಸದ್ಯಕ್ಕೆ ಒಳ್ಳೆಯ ಗ್ರೈಂಡರೊಂದನ್ನು ಸ್ವಂತ ಹಣದಲ್ಲಿ ಕೊಂಡಿದ್ದಾರೆ.

ಹವ್ಯಾಸಕ್ಕೆ ಖರ್ಚು ಮಾಡುವುದು ತಪ್ಪಲ್ಲ. ಕಪ್ಪು ಕಾಫಿಯ ರುಚಿ ಬಲ್ಲವರು, ದಿನವೂ ಹಲವು ಲೋಟ ತಯಾರಿಸುವವರು, ಕೈಯಲ್ಲಿ ಮಿಗತೆ ಹಣವಿರುವವರು ಅಗತ್ಯವಾಗಿ ಕೊಳ್ಳಲಿ. ಆದರೆ ಅದನ್ನು ಸ್ವಂತ ಹಿಂತೆಗೆತದ ಖಾತೆಯಲ್ಲಿ ಬರೆಯಲಿ, ಉಳಿತಾಯವೆಂದಾಗಲಿ ಹೂಡಿಕೆಯೆಂದಾಗಲಿ ಕರೆಯದಿರಲಿ. ಉಳಿದವರು ಮೊದಲು ಬೀಜ, ಆಮೇಲೆ ಗ್ರೈಂಡರ್, ಕೊನೆಗೆ ಯಂತ್ರ ಎಂಬ ಕ್ರಮವನ್ನು ಅನುಸರಿಸುವುದು ಲೇಸು.