ಅಳಿಸುವ ಸಾಧನ (ಪಾಸ್‌ವರ್ಡ್ ಮ್ಯಾನೇಜರ್)

ಅಳಿಸುವ ಸಾಧನ ಎಂದರೆ ಬಳಕೆದಾರರ ಪರವಾಗಿ ಕೆಲಸ ಮಾಡುವ ಕೃತಕ ಬುದ್ಧಿಮತ್ತೆಯ ಏಜೆಂಟ್, ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರುವ ದಾಖಲೆಯೊಂದನ್ನು ತೆಗೆದುಹಾಕಲು ಬಳಸುವ ತಂತ್ರಾಂಶದ ಆದೇಶ. ಆದೇಶವು ಏನು ಮಾಡುತ್ತದೆ, ಅದಕ್ಕೆ ಯಾವ ಮಾಹಿತಿ ಒದಗಿಸಬೇಕು, ಅಳಿಸಿದ್ದನ್ನು ಮರಳಿ ಪಡೆಯಬಹುದೇ ಎಂಬುದನ್ನು ತಿಳಿಸುವ ಲಿಖಿತ ವಿವರಣೆಯೂ ಈ ಸಾಧನದ ಅಂಗವೇ ಆಗಿದೆ. ಸಾಮಾನ್ಯ ತಂತ್ರಾಂಶದ ಕೈಪಿಡಿಯನ್ನು ಮನುಷ್ಯರು ಓದುತ್ತಾರೆ, ಅನೇಕ ವೇಳೆ ಓದುವುದೂ ಇಲ್ಲ. ಆದರೆ ಇಲ್ಲಿನ ವಿವರಣೆಯನ್ನು ಏಜೆಂಟ್‌ನ ಹಿಂದಿರುವ ಭಾಷಾ ಮಾದರಿಯು ಪ್ರತಿ ಸಲವೂ ಓದಿ, ಸಾಧನವನ್ನು ಬಳಸಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ. ಆದ್ದರಿಂದ ವಿವರಣೆಯಲ್ಲಿನ ಒಂದು ಲೋಪವೂ ನೇರವಾಗಿ ತಪ್ಪು ಕಾರ್ಯವಾಗಿ ಪರಿಣಮಿಸಬಹುದು.

ಹಿನ್ನೆಲೆ

ಪಾಸ್‌ವರ್ಡ್ ಮ್ಯಾನೇಜರ್ ಎಂಬುದು ಬಳಕೆದಾರರ ಗುಪ್ತಪದಗಳನ್ನು ಗೂಢಲಿಪೀಕರಿಸಿ ಒಂದೆಡೆ ಇಡುವ ತಂತ್ರಾಂಶ. ಒಂದೇ ದಾಖಲೆಯಲ್ಲಿ ಗುಪ್ತಪದದ ಜೊತೆಗೆ ಎರಡನೆಯ ಹಂತದ ಒಟಿಪಿ ಉತ್ಪಾದಿಸುವ ಬೀಜಸಂಖ್ಯೆ, ಪಾಸ್‌ಕೀ, ಟಿಪ್ಪಣಿಗಳೂ ಇರಬಹುದು. ಗುಪ್ತಪದ ಕಳೆದರೆ ಮಿಂಚಂಚೆಯ ಮೂಲಕ ಹೊಸದನ್ನು ಪಡೆಯಲು ಸಾಧ್ಯ. ಪಾಸ್‌ಕೀಯ ಖಾಸಗಿ ಕೀಲಿಯಾದರೋ ಜಾಲತಾಣದ ಬಳಿ ಇರುವುದೇ ಇಲ್ಲ. ದಾಖಲೆಯೊಂದಿಗೆ ಅದೂ ಅಳಿದರೆ ಆ ತಾಣವು ಅದನ್ನು ಹಿಂದಿರುಗಿಸಲಾರದು.

ಏಜೆಂಟ್‌ಗಳನ್ನು ಹೊರಗಿನ ತಂತ್ರಾಂಶಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಂಸಿಪಿ) ಎಂಬ ಮಾನಕವನ್ನು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. 2025ರ ಮಾರ್ಚ್‌ನ ಆವೃತ್ತಿಯಲ್ಲಿ ಸಾಧನಗಳಿಗೆ ಸೂಚನಾ ಗುರುತುಗಳನ್ನು ಸೇರಿಸಲಾಯಿತು. ಸಾಧನವು ಕೇವಲ ಓದುತ್ತದೆಯೇ, ವಿನಾಶಕಾರಿಯೇ, ಮತ್ತೆ ಮತ್ತೆ ಬಳಸಿದರೂ ಫಲ ಒಂದೇ ಆಗಿರುವುದೇ ಎಂಬುದನ್ನು ಇವು ತಿಳಿಸುತ್ತವೆ. ಕೇವಲ ಓದುವಂಥದ್ದೆಂದಾಗಲಿ ವಿನಾಶಕಾರಿಯಲ್ಲವೆಂದಾಗಲಿ ಸ್ಪಷ್ಟವಾಗಿ ಹೇಳದ ಸಾಧನವನ್ನು ವಿನಾಶಕಾರಿ ಎಂದೇ ಭಾವಿಸಬೇಕೆಂಬುದು ಮಾನಕದ ನಿಲುವು. ಇದು ವಿವೇಕದ ನಿಲುವೇ ಸರಿ.

ಅಳಿಸುವಿಕೆಯ ಎರಡು ಬಗೆ

‘ಅಳಿಸು’ ಎಂಬ ಒಂದೇ ಪದ ಬೇರೆ ಬೇರೆ ತಂತ್ರಾಂಶಗಳಲ್ಲಿ ಬೇರೆ ಬೇರೆ ಅರ್ಥ ತಾಳುತ್ತದೆ. ಬಿಟ್‌ವಾರ್ಡನ್‌ನ ಆದೇಶಸಾಲಿನಲ್ಲಿ ದಾಖಲೆಯನ್ನು ಅಳಿಸಿದರೆ ಅದು ಮೊದಲು ಕಸದ ಬುಟ್ಟಿಗೆ ಹೋಗಿ 30 ದಿನ ಉಳಿಯುತ್ತದೆ. ಆ ಅವಧಿಯಲ್ಲಿ ‘ರಿಸ್ಟೋರ್’ ಆದೇಶದಿಂದ ಮರಳಿ ಪಡೆಯಬಹುದು. ‘ಪರ್ಮನೆಂಟ್’ ಎಂಬ ಆಯ್ಕೆಯನ್ನು ಸೇರಿಸಿದರೆ ಮಾತ್ರ ಅದು ಶಾಶ್ವತವಾಗಿ ಹೋಗುತ್ತದೆ. ಒನ್‌ಪಾಸ್‌ವರ್ಡ್‌ನ ಆದೇಶಸಾಲಿನ ಕೈಪಿಡಿಯಲ್ಲಿ ಕ್ರಮ ಇದಕ್ಕೆ ತಿರುಗುಮುರುಗು: ಆಯ್ಕೆ ಏನನ್ನೂ ನೀಡದಿದ್ದರೆ ಅಳಿಸುವಿಕೆ ಶಾಶ್ವತ, ‘ಆರ್ಕೈವ್’ ಎಂದು ಸೇರಿಸಿದರೆ ದಾಖಲೆ ಸಂಗ್ರಹಕ್ಕೆ ಸೇರುತ್ತದೆ. ಒಂದರ ರೂಢಿಯನ್ನು ಕಲಿತ ಏಜೆಂಟ್ ಅದನ್ನೇ ಇನ್ನೊಂದಕ್ಕೆ ಅನ್ವಯಿಸಿದರೆ ಆಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾಖಲೆಯನ್ನು ಗುರುತಿಸುವ ರೀತಿಯಲ್ಲಿಯೂ ಭೇದವಿದೆ. ಬಿಟ್‌ವಾರ್ಡನ್‌ನಲ್ಲಿ ಹುಡುಕುವಾಗ ಹೆಸರು ಸಾಕು, ಅಳಿಸುವಾಗ ದಾಖಲೆಯ ನಿಖರ ಗುರುತುಸಂಖ್ಯೆಯೇ ಬೇಕು. ಒನ್‌ಪಾಸ್‌ವರ್ಡ್‌ನಲ್ಲಿ ಹೆಸರು ಕೊಟ್ಟೂ ಅಳಿಸಬಹುದು. ‘ಬ್ಯಾಂಕ್’ ಎಂಬ ಹೆಸರಿನ ದಾಖಲೆಗಳು ಎರಡು ಮೂರು ಇರುವುದು ಅಪರೂಪವಲ್ಲವಾದ್ದರಿಂದ, ಮೊದಲನೆಯ ಪದ್ಧತಿ ಹೆಚ್ಚು ಸುರಕ್ಷಿತ.

ವಿವರಣೆಯ ಸ್ವರೂಪ

‘ದಾಖಲೆಯನ್ನು ಅಳಿಸುತ್ತದೆ’ ಎಂಬಷ್ಟೇ ವಿವರಣೆ ಸಾಲದು. ಇದರ ಬದಲು, ‘ಗುರುತುಸಂಖ್ಯೆಯುಳ್ಳ ಒಂದು ದಾಖಲೆಯನ್ನು ಕಸದ ಬುಟ್ಟಿಗೆ ಸರಿಸುತ್ತದೆ, 30 ದಿನಗಳೊಳಗೆ ಮರಳಿ ಪಡೆಯಬಹುದು, ಶಾಶ್ವತವಾಗಿ ಅಳಿಸುವಂತೆ ಬಳಕೆದಾರರು ಸ್ಪಷ್ಟವಾಗಿ ಕೇಳದ ಹೊರತು ಪರ್ಮನೆಂಟ್ ಆಯ್ಕೆಯನ್ನು ಬಳಸಬಾರದು, ಅಳಿಸುವ ಮೊದಲು ದಾಖಲೆಯ ಹೆಸರನ್ನೂ ಬಳಕೆದಾರ ಹೆಸರನ್ನೂ ತೋರಿಸಿ ಒಪ್ಪಿಗೆ ಪಡೆಯಬೇಕು’ ಎಂದು ಬರೆದರೆ ಸಂದಿಗ್ಧಕ್ಕೆ ಎಡೆಯಿರದು. ಈ ತೋರಿಕೆಯಲ್ಲಿ ಗುಪ್ತಪದ ಮಾತ್ರ ಕಾಣಿಸಿಕೊಳ್ಳಬಾರದು. ಸಂಭಾಷಣೆಯಲ್ಲಿ ಬಂದದ್ದು ಅಲ್ಲಿಯೇ ದಾಖಲಾಗಿ ಉಳಿಯುವ ಸಂಭವವಿದೆ.

ಒಪ್ಪಿಗೆ ಕೇಳುವುದು ಕನ್ನಡದಲ್ಲಿ ಆದೇಶ ನೀಡುವವರಿಗೆ ಇನ್ನಷ್ಟು ಅಗತ್ಯ. ‘ತೆಗೆ’ ಎಂಬ ಕ್ರಿಯಾಪದಕ್ಕೆ ಬಾಗಿಲು ತೆಗೆ ಎನ್ನುವಲ್ಲಿ ‘ತೆರೆ’ ಎಂದೂ, ಪೆಟ್ಟಿಗೆಯಿಂದ ತೆಗೆ ಎನ್ನುವಲ್ಲಿ ‘ಹೊರಗಿಡು’ ಎಂದೂ, ಕಳೆ ತೆಗೆ ಎನ್ನುವಲ್ಲಿ ‘ಇಲ್ಲವಾಗಿಸು’ ಎಂದೂ ಅರ್ಥ. ‘ಹಳೆಯ ಬ್ಯಾಂಕಿನ ಪಾಸ್‌ವರ್ಡ್ ತೆಗೆ’ ಎಂದವರ ಮನಸ್ಸಿನಲ್ಲಿ ಯಾವುದಿತ್ತೆಂಬುದನ್ನು ವಾಕ್ಯವೊಂದೇ ತಿಳಿಸದು.

ಮಿತಿಗಳು

ವಿವರಣೆಯು ಬೀಗವಲ್ಲ. ಸೂಚನಾ ಗುರುತುಗಳು ಕೇವಲ ಸುಳಿವುಗಳು, ನಂಬಿಕಾರ್ಹವಲ್ಲದ ಮೂಲದಿಂದ ಬಂದವನ್ನು ನಂಬಬಾರದು ಎಂದು ಎಂಸಿಪಿ ಮಾನಕವೇ ಹೇಳುತ್ತದೆ. ಸಾಧನದ ಬಳಕೆಯನ್ನು ತಡೆಯಬಲ್ಲ ಮನುಷ್ಯರೊಬ್ಬರು ಇರತಕ್ಕದ್ದೆಂದೂ ಸೂಚಿಸುತ್ತದೆ. ಏಜೆಂಟ್ ಓದುವ ಜಾಲಪುಟ ಅಥವಾ ಮಿಂಚಂಚೆಯಲ್ಲಿ ದುರುದ್ದೇಶದ ಆದೇಶವನ್ನು ಅಡಗಿಸಿಟ್ಟು ಅದನ್ನು ದಾರಿ ತಪ್ಪಿಸುವ ಪ್ರಾಂಪ್ಟ್ ಇಂಜೆಕ್ಷನ್ ಎಂಬ ದಾಳಿಯ ಮುಂದೆ ಒಳ್ಳೆಯ ವಿವರಣೆಯೂ ಸೋಲಬಹುದು. ಆದಕಾರಣ ಶಾಶ್ವತ ಅಳಿಸುವಿಕೆಯನ್ನು ಏಜೆಂಟ್‌ಗೆ ಒದಗಿಸದೆಯೇ ಇರುವುದು, ಒದಗಿಸಿದರೂ ದೃಢೀಕರಣವನ್ನು ಏಜೆಂಟ್‌ನ ಹೊರಗಿನ ತಂತ್ರಾಂಶವೇ ಕೇಳುವಂತೆ ಮಾಡುವುದು ಉತ್ತಮ. ಗೂಢಲಿಪೀಕರಿಸಿದ ರಫ್ತು ಕಡತವನ್ನು ಮುಂಚಿತವಾಗಿ ತೆಗೆದಿಡುವುದೂ ರೂಢಿಯಲ್ಲಿದೆ. ಬಿಟ್‌ವಾರ್ಡನ್‌ನ ರಫ್ತಿನಲ್ಲಿ ಕಸದ ಬುಟ್ಟಿಯ ದಾಖಲೆಗಳು ಸೇರುವುದಿಲ್ಲವಾದ್ದರಿಂದ, ಅಳಿಸಿದ ನಂತರ ತೆಗೆದ ಕಡತದಲ್ಲಿ ಕಳೆದುಹೋದ ದಾಖಲೆ ಸಿಗದು.