ಬಸ್ಸಿಗೂ ಮದುವೆ!

ಆಯುಧಪೂಜೆಯ ಸಂಜೆ. ನಂಜನಗೂಡಿನಿಂದ ಮೈಸೂರಿಗೆ ಹೊರಟ ಬಸ್ಸಿನ ಮುಂದೆ ಎರಡು ಬಾಳೆಕಂದು, ಗಾಜಿಗೆ ಚೆಂಡುಹೂವಿನ ಹಾರ, ಒಳಗೆ ಬಣ್ಣದ ಕಾಗದದ ತೋರಣ. ಅಮ್ಮನ ಮಡಿಲಲ್ಲಿದ್ದ 3 ವರ್ಷದ ಪುಟ್ಟಿಗೆ ಹಿಗ್ಗೋ ಹಿಗ್ಗು.

"ಅಮ್ಮಾ, ಬಸ್ಸಿಗೆ ಮದ್ವೆನಾ?"

"ಹೂಂ ಕಣಮ್ಮಾ, ಟಿಕೆಟ್ ತಗೊಂಡೋರೆಲ್ಲಾ ಬೀಗರೇ!" ಎಂದ ಕಂಡಕ್ಟರ್ ಮಹಾಶಯ ಒಂದು ಹೂ ಕಿತ್ತು ಕೊಟ್ಟ. ನಿಂತಿದ್ದವರೂ ಕಾಲುನೋವು ಮರೆತು ನಕ್ಕರು.

ಮೈಸೂರು ಸೇರಿದರೆ, ಅಂಗಡಿ ಸಾಲಿನ ಮುಂದೆಲ್ಲಾ ಒಡೆದ ಬೂದುಗುಂಬಳ. ಒಳಗಿನ ಚಿಲ್ಲರೆ ಕಾಸಿಗೆ ಹುಡುಗರು ರಸ್ತೆಗೇ ನುಗ್ಗುತ್ತಿದ್ದರು. ಸ್ಕೂಟರಿನವನೊಬ್ಬ ಜಾರಿಬಿದ್ದು ಮೊಣಕಾಲು ಹಿಡಿದು ಕೂತಿದ್ದ. ಪುಟ್ಟಿಯ ಮಾತು ನಿಂತಿತು.

ಅಂಗಡಿ ಯಜಮಾನರೇ, ದೃಷ್ಟಿ ತೆಗೆಯಿರಿ, ಬೇಡವೆಂದವರಾರು? ಒಡೆದ ಹೋಳುಗಳನ್ನು ಆಗಲೇ ಬದಿಗೆ ಗುಡಿಸಿಬಿಡಿ. ನಿಮ್ಮ ಅಂಗಡಿಯ ದೃಷ್ಟಿ ದಾರಿಹೋಕರ ಮೊಣಕಾಲಿಗೆ ತಗುಲುವುದು ಬೇಡ.